ಬಿಳಿಚಮ್ಮನ ಆಲ್ಟರೇಷನ್

ಕಾದಂಬರಿಯನ್ನು ಕತ್ತರಿಸಿದ್ದು ನಾನೇ. ಹನ್ನೆರಡು ಇಂಚಿನ ಕತ್ತರಿ ಅದರ ಬೆನ್ನಿನ ಅಂಟಿಗೆ ಸೋತು ಬಾಯಿ ತೆರೆದು ಕೂತಿತು. ಕೊನೆಗೆ ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಕೊಯ್ದು ನಾಲ್ಕು ಭಾಗ ಮಾಡಿದೆ. ಆರುನೂರ ಹನ್ನೆರಡು ಪುಟ, ಇರುವೆ ಸಾಲಿನಂಥ ಅಕ್ಷರ, ದಪ್ಪಕ್ಕೆ ದಿಂಬು. ಮಗಳು ವರ್ಷವಿಡೀ ಅದನ್ನು ದಿಂಬಾಗಿಯೇ ಬಳಸಿದ್ದಳು ಎನ್ನುವುದು ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಯಲ್ಲಿ ಮೂವತ್ತೊಂದು ಅಂಕ ಬಂದಾಗ ನಮಗೆ ತಿಳಿಯಿತು.

ಪಾಸಾಗಲು ನಲವತ್ತು ಬೇಕು. ಮಿಕ್ಕ ವಿಷಯಗಳಲ್ಲಿ ಅವಳನ್ನು ಹಿಡಿಯುವವರಿರಲಿಲ್ಲ. ವಿಮಾನದ ಇಂಜಿನ್ ರಿಪೇರಿ ಕಲಿಸುವ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಮಂಚವೂ ಗೊತ್ತುಮಾಡಿಯಾಗಿತ್ತು. ಷರತ್ತು ಒಂದೇ: ತಿಂಗಳು ಮುಗಿಯುವುದರೊಳಗೆ ಎಲ್ಲ ವಿಷಯಗಳಲ್ಲೂ ಪಾಸಾದ ಕಾಗದ ತೋರಿಸಬೇಕು. ಮರುಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಅದರಲ್ಲೂ ಹೋದರೆ ಸೀಟು ಇನ್ಯಾರಿಗೋ, ಮಂಚವೂ ಇನ್ಯಾರಿಗೋ.

"ಒಬ್ಬಳು ನೂರೈವತ್ತು ವರ್ಷದ ಹಿಂದೆ ಕಿಟಕಿ ಹತ್ರ ನಿಂತು ನಿಟ್ಟುಸಿರು ಬಿಟ್ಟಿದ್ದಕ್ಕೂ ವಿಮಾನದ ಇಂಜಿನ್ನಿಗೂ ಏನಮ್ಮಾ ಸಂಬಂಧ?" ಎಂದಳು ಮಗಳು.

"ನನಗೇನೇ ಗೊತ್ತು? ಯಾಕೆ ನಿಟ್ಟುಸಿರು ಬಿಟ್ಟಳು ಅಂತ ಬರೆದು ಬಾ, ಆಮೇಲೆ ಇಂಜಿನ್ ಬಿಚ್ಚು."

"ಎರಡು ಪುಟ ಬರೀ ಮೋಡ ಕಣಮ್ಮಾ. ಮೋಡ ಬಂತು, ಹೋಯ್ತು, ಮತ್ತೆ ಬಂತು. ಮಳೆ ಮಾತ್ರ ಇಲ್ಲ. ನಲವತ್ತನೇ ಪುಟ ದಾಟಕ್ಕೇ ಆಗಲ್ಲ ನನ್ ಕೈಲಿ."

ಅದು ಶಾಲೆಗಳು ಶುರುವಾಗುವ ಹೊತ್ತು. ನಮ್ಮದು ಮನೆಯ ಮುಂದಿನ ಕೋಣೆಯಲ್ಲೇ ಇರುವ ಹೊಲಿಗೆ ಅಂಗಡಿ. ಇನ್ನೂರ ಹತ್ತು ಯೂನಿಫಾರ್ಮ್ ಶರ್ಟು ಬಾಕಿಯಿದ್ದವು. ಈ ಸೀಸನ್ನಿನಲ್ಲಿ ನಮ್ಮ ಮನೆಯ ಯಾರೊಬ್ಬರೂ ಪೂರ್ತಿ ಶರ್ಟು ಹೊಲಿಯುವುದಿಲ್ಲ. ನಾನು ಕತ್ತರಿಸಿ ಮೈ ಜೋಡಿಸುತ್ತೇನೆ. ಲಿಫ್ಟ್ ಮೆಕ್ಯಾನಿಕ್ ಆಗಿರುವ ನನ್ನ ತಮ್ಮ ಕೆಲಸ ಮುಗಿಸಿ ಬಂದು ಗುಂಡಿ ತೂರುವ ಕಾಜಾ ಹಾಕುತ್ತಾನೆ, ಅತ್ತೆ ಗುಂಡಿ ಹಚ್ಚುತ್ತಾರೆ, ಬಸ್ ಓಡಿಸುವ ನಮ್ಮವರದು ಇಸ್ತ್ರಿ. ತುಂಡುಗಳನ್ನು ಕೆಂಪು ದಾರದಲ್ಲಿ ಕಟ್ಟಿ, ಯಾರ ಪಾಲು ಎಂದು ಚೀಟಿಯಲ್ಲಿ ನಂಬರು ಬರೆದು ಸಿಕ್ಕಿಸುವುದು ಅಂಗಡಿಯ ಪದ್ಧತಿ. ಇನ್ನೂರು ಶರ್ಟು ಹೀಗೆ ಮುಗಿಯುವುದಾದರೆ ಒಂದು ಕಾದಂಬರಿ ಯಾವ ಲೆಕ್ಕ ಎಂದುಕೊಂಡೆ. ಇಂಗ್ಲಿಷು ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ, ಅವರವರ ಹೊಟ್ಟೆಪಾಡಿಗೆ ಬೇಕಾದಷ್ಟು.

"ನಾಲ್ಕು ದಿನ ಓದೋದು," ಎಂದು ಕಟ್ಟುಗಳನ್ನು ಹಂಚಿದೆ. "ಆಮೇಲೆ ನಾಲ್ಕು ಸಂಜೆ ಒಬ್ಬೊಬ್ಬರಾಗಿ ಇವಳಿಗೆ ಹೇಳೋದು. ಒಂದು ಅತ್ತೆಗೆ, ಎರಡು ತಮ್ಮನಿಗೆ, ಮೂರು ಇವರಿಗೆ, ನಾಲ್ಕು ನನಗೆ."

"ನನಗೆ ತೆಳ್ಳಗಿರೋದು ಕೊಡೇ," ಎಂದರು ನಮ್ಮವರು.

"ಎಲ್ಲ ಒಂದೇ ಅಳತೆ ರೀ. ನಾನೇ ಕತ್ತರಿಸಿದ್ದು."

ಮೊದಲ ಸಂಜೆ ಅತ್ತೆಯದು. ಮೂವತ್ತೆಂಟು ವರ್ಷ ಮಕ್ಕಳ ವಾರ್ಡಿನಲ್ಲಿ ನರ್ಸಾಗಿದ್ದವರು. ಕನ್ನಡಕ ಏರಿಸಿ, ರೋಗಿಯ ಚಾರ್ಟು ಓದುವ ದನಿಯಲ್ಲಿ ಶುರುಮಾಡಿದರು.

"ಹುಡುಗಿಗೆ ರಕ್ತ ಕಡಿಮೆ. ಹದಿನಾಲ್ಕನೇ ಪುಟದಲ್ಲಿ ಬಿಳಿಚಿಕೊಂಡ್ಲು, ಇಪ್ಪತ್ತರಲ್ಲಿ ಮತ್ತೆ ಬಿಳಿಚಿಕೊಂಡ್ಲು, ಮೂವತ್ತೊಂದರಲ್ಲಿ ತಲೆ ಸುತ್ತಿ ಬಿದ್ಲು. ಒಂದು ಟಾನಿಕ್ ಕೊಡೋರಿಲ್ಲ. ಕಿಟಕಿ ತೆಗೀರಿ ಅಂತಾರೆ, ಅಷ್ಟೆ."

ಅಂದಿನಿಂದ ನಮ್ಮ ಮನೆಯಲ್ಲಿ ಕಥಾನಾಯಕಿಯ ಹೆಸರು ಬಿಳಿಚಮ್ಮ ಎಂದಾಯಿತು. ಸಣ್ಣ ಊರಿನ ಗಡಿಯಾರ ರಿಪೇರಿಯವನ ಮಗಳು, ತಾಯಿಯಿಲ್ಲ. ತಂದೆಗೆ ತನ್ನ ಕನ್ನಡಕ ಎಲ್ಲಿಟ್ಟೆ ಎಂದೇ ನೆನಪಿರುವುದಿಲ್ಲ, ಇವಳೇ ಹುಡುಕಿಕೊಡಬೇಕು. ಪುಟ್ಟ ತಮ್ಮನೊಬ್ಬನಿಗೆ ಜ್ವರ ಬಂತು. ಅತ್ತೆಯ ಪ್ರಕಾರ ನೀರು ಕುದಿಸಿ ಆರಿಸಿ ಕುಡಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿ, ಹದಿನೈದನೇ ದಿನ ಅವನನ್ನು ಎಬ್ಬಿಸಿ ಓಡಾಡಿಸಿದರು. ಆಮೇಲೆ ಸಿರಿವಂತ ಸೋದರತ್ತೆಯೊಬ್ಬಳು ತನ್ನ ಬಂಗಲೆಗೆ ಜೊತೆಗಿರಲು ಬಾ ಎಂದು ಬಿಳಿಚಮ್ಮನನ್ನು ಕರೆಸಿಕೊಂಡಳು. ದಾರಿಯಲ್ಲಿ ಪಕ್ಕದ ಊರಿನ ಕುದುರೆ ಸವಾರನೊಬ್ಬ ಅವಳಿಗೆ ಟೋಪಿ ಎತ್ತಿದ. ಕಟ್ಟು ಒಂದು ಮುಗಿಯಿತು. ಮಗಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ತಮ್ಮ, ಜ್ವರ, ವಾಸಿ.

ಎರಡನೇ ಸಂಜೆ ನನ್ನ ತಮ್ಮನದು. ಅವನು ಮಾತಾಡುವುದೇ ಅಪರೂಪ. ವಯಸ್ಸು ನಲವತ್ತೆರಡು, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಮದುವೆಯ ಮಾತೆತ್ತಿದರೆ ಎದ್ದು ಹೋಗಿ ಸುಮ್ಮನೆ ಮಿಷನ್ನಿಗೆ ಎಣ್ಣೆ ಬಿಡುತ್ತಾನೆ. ಇವನು ಐದು ನಿಮಿಷದಲ್ಲಿ ಮುಗಿಸುತ್ತಾನೆ ಎಂದುಕೊಂಡಿದ್ದೆ. ಎರಡು ಗಂಟೆ ಹೇಳಿದ.

"ಬಂಗಲೆ ಹಿಂದುಗಡೆ ಒಂದು ಹಿಟ್ಟಿನ ಗಿರಣಿ," ಎಂದ, ಕಣ್ಣು ಕಾಜಾದ ಮೇಲೆ. "ನಾಲ್ಕು ಅಂತಸ್ತು. ಕಾಳಿನ ಮೂಟೆ ಎತ್ತೋಕೆ ಹಗ್ಗದ ಪೆಟ್ಟಿಗೆ ಇರುತ್ತಲ್ಲ, ಅದರಲ್ಲಿ ಬಿಳಿಚಮ್ಮ ಮೇಲೆ ಹೋಗ್ತಿರ್ತಾಳೆ. ಪಕ್ಕದ ಊರಿನ ಆ ಕುದುರೆಯವನೂ ಅದೇ ಪೆಟ್ಟಿಗೇಲಿ ಇರ್ತಾನೆ. ಎರಡನೇ ಅಂತಸ್ತಿಗೂ ಮೂರನೇದಕ್ಕೂ ಮಧ್ಯೆ ಸಿಕ್ಕಿಹಾಕ್ಕೊಳ್ಳುತ್ತೆ."

"ಆಗೆಲ್ಲಾ ಲಿಫ್ಟ್ ಇತ್ತಾ ಮಾವ?" ಎಂದಳು ಮಗಳು.

"ಲಿಫ್ಟಲ್ಲ ಪುಟ್ಟಿ, ಪೆಟ್ಟಿಗೆ. ಹಗ್ಗದ ಆಚೆ ತುದೀಲಿ ಸಮತೂಕಕ್ಕೆ ಕೌಂಟರ್‌ವೇಟ್ ಇದ್ದೇ ಇರುತ್ತೆ ಅನ್ನು."

ಮೂರು ಗಂಟೆ ಹೊತ್ತು ಕತ್ತಲಲ್ಲಿ ಇಬ್ಬರೂ ನಿಂತಿದ್ದರಂತೆ. ಹೆದರಬೇಡಿ, ಹಗ್ಗ ಗಟ್ಟಿಯಿದೆ ಎಂದನಂತೆ ಅವನು. ನಾನು ಹೆದರಿಲ್ಲ, ನಿಮ್ಮ ಕೈಯೇ ನಡುಗ್ತಿದೆ ಎಂದು ಅವಳು ನಕ್ಕಳಂತೆ. ಅವಳ ಹತ್ತಿರ ಒಂದು ಬಿಸ್ಕತ್ತಿತ್ತು. ಮುರಿದು ಅರ್ಧ ಕೊಟ್ಟಳು. ದೊಡ್ಡ ಅರ್ಧ. ಅವನಿಗೆ ಒಂದು ಮಾತು ಕೇಳಬೇಕಿತ್ತು. ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ನೋಡಿ, ಹನ್ನೊಂದನೇ ಸಲಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಪೆಟ್ಟಿಗೆ ಜರ್ರನೆ ಮೇಲೆ ಹೋಯಿತು, ಬಾಗಿಲು ತೆರೆಯಿತು. ಥ್ಯಾಂಕ್ಸ್ ಎಂದು ಅವಳು ಹೊರಟುಹೋದಳು.

"ಅಷ್ಟೇನಾ?" ಎಂದಳು ಮಗಳು. ಅವಳ ಪೆನ್ನು ಯಾವಾಗಲೋ ನಿಂತಿತ್ತು.

"ಅಷ್ಟೇ. ಆಮೇಲೆ ನೂರು ಪುಟ ಅವನು ಅದನ್ನೇ ಯೋಚನೆ ಮಾಡ್ತಾನೆ."

ಅತ್ತೆ ಗುಂಡಿಯನ್ನು ಶರ್ಟಿನ ಬೆನ್ನಿಗೆ ಹಚ್ಚಿದ್ದರು. ನಮ್ಮವರು ಇಸ್ತ್ರಿಪೆಟ್ಟಿಗೆ ಎತ್ತುವುದನ್ನು ಮರೆತು ಒಂದು ಕಾಲರ್ ಸುಟ್ಟರು. ಹಳೇ ಕಾದಂಬರಿಗಳನ್ನು ಸುಮ್ಮನೆ ಹೊಗಳುವುದಿಲ್ಲ ಜನ ಎಂದು ನನಗೂ ಅನ್ನಿಸಿತು.

ಮೂರನೇ ಸಂಜೆ ಆ ಗುಂಗು ಇಳಿಯಿತು. ನಮ್ಮವರಿಗೆ ನೂರೈವತ್ತು ಪುಟಗಳಲ್ಲಿ ಕಂಡಿದ್ದು ಒಂದೇ ಸಂಗತಿ.

"ಅಪ್ಪನಿಗೆ ಹುಷಾರಿಲ್ಲ ಅಂತ ಕಾಗದ ಬರುತ್ತೆ. ಬಿಳಿಚಮ್ಮ ಬಂಗಲೆಯಿಂದ ಊರಿಗೆ ಕುದುರೆ ಗಾಡೀಲಿ ಹೊರಡ್ತಾಳೆ. ಮೂರು ದಿನ! ಮೂರು ದಿನ ಗಾಡಿ ಓಡಿಸಿದವನಿಗೆ ಯಾರಾದ್ರೂ ಒಂದು ಲೋಟ ಟೀ ಕೊಟ್ರು ಅಂತ ಒಂದು ಸಾಲು ಇದೆಯಾ, ನೋಡು. ಇವಳು ಕಿಟಕೀಲಿ ನೋಡ್ತಾ ಬೆಟ್ಟ ವರ್ಣಿಸ್ತಾಳೆ. ಅವನು ಬೆಟ್ಟ ಹತ್ತಿಸ್ತಾ ಇದಾನೆ ತಾಯಿ, ಅವನನ್ನ ನೋಡು!"

"ಅಪ್ಪ, ಕಥೆ."

"ಕಥೆ ಏನು? ಊರಿಗೆ ಬಂದ್ಲು. ಕಪ್ಪು ಬಟ್ಟೆ ಹಾಕ್ಕೊಂಡು ಓಡಾಡ್ತಾಳೆ. ಪಟ್ಟಣದಲ್ಲಿ ಒಂದು ಶಾಲೆ ನಡೆಸು ಬಾ ಅಂತ ಕರೆ ಬಂತು. ಕುದುರೆಯವನು ಮದುವೆ ಆಗು ಅಂದ. ಇಬ್ಬರಿಗೂ ಯೋಚಿಸಿ ಹೇಳ್ತೀನಿ ಅಂದ್ಲು."

"ಕಪ್ಪು ಯಾಕೆ?" ಎಂದಳು ಮಗಳು. "ತಮ್ಮನಿಗೆ ವಾಸಿಯಾಗಿದೆಯಲ್ಲ?"

ಅತ್ತೆ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿದರು. "ಕಪ್ಪಿನ ಮೇಲೆ ಕೊಳೆ ಕಾಣಲ್ಲ," ಎಂದೆ ನಾನು. ದರ್ಜಿಯ ಮಾತನ್ನು ಬಟ್ಟೆಯ ವಿಷಯದಲ್ಲಿ ಯಾರು ಅನುಮಾನಿಸುತ್ತಾರೆ? ಮಗಳು ಬರೆದುಕೊಂಡಳು.

ನಾಲ್ಕನೆಯ ಕಟ್ಟು ನನ್ನದು. ಮಿಷನ್ನಿನ ಪಕ್ಕ ಇಟ್ಟುಕೊಂಡು, ಒಂದು ತೋಳು ಮುಗಿಸಿದರೆ ಎರಡು ಪುಟ ಎಂಬಂತೆ ಓದಿದ್ದೆ. ತಂದೆಗೆ ಪೂರ್ತಿ ವಾಸಿಯಾಯಿತು. ಪಟ್ಟಣದ ಶಾಲೆಯವರು ಗಾಡಿ ಕಳಿಸುತ್ತೇವೆ ಎಂದು ಬರೆದರು. ಕೊನೆಯ ಪುಟದಲ್ಲಿ ಗಾಡಿ ಬಂತು, ಮನೆಯ ಮುಂದೆ ನಿಂತಿತು.

"ಬಿಳಿಚಮ್ಮ ಹತ್ತಿದಳು," ಎಂದೆ. "ಮುಗೀತು."

"ಕುದುರೆಯವನು?"

"ಅವನಿಗೇನು, ಕುದುರೆ ಇದೆಯಲ್ಲ."

ಮಾರನೆಯ ಬೆಳಿಗ್ಗೆ, ನನ್ನ ತಮ್ಮ ಕೆಲಸಕ್ಕೆ ಹೋಗುವ ಕಟ್ಟಡದ ಕಾವಲುಗಾರ ಪ್ಯಾಂಟಿನ ಜಿಪ್ ಹಾಕಿಸಲು ಅಂಗಡಿಗೆ ಬಂದ. ಅವನ ಕೈಯಲ್ಲಿ ಪ್ಯಾಂಟಿನ ಜೊತೆಗೆ ಎಣ್ಣೆ ಹೀರಿದ ಒಂದು ಕಾಗದದ ಕಟ್ಟಿತ್ತು.

"ಇದು ನಿಮ್ಮ ಅಂಗಡಿ ದಾರ ಅಲ್ವಾ ಅಕ್ಕ? ನಿಮ್ಮ ತಮ್ಮನ ಕೈಲಿ ನೋಡಿದ್ದೆ. ಇವತ್ತು ಬೇರೆ ಮೆಕ್ಯಾನಿಕ್ ಲಿಫ್ಟಿನ ನೆತ್ತಿ ಮೇಲೆ ಹತ್ತಿದಾಗ ಸಿಕ್ತು. ಹೋದ ವಾರದಿಂದ ಹದಿನಾಲ್ಕು ಮಹಡಿ ಹತ್ತಿ ಇಳಿದು ಮಾಡ್ತಿದೆ ಪಾಪ."

ಕೆಂಪು ದಾರ. ಚೀಟಿಯ ಮೇಲೆ ನನ್ನದೇ ಕೈಬರಹದ ಎರಡು. ನಾನು ಹಾಕಿದ ಗಂಟನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ನಾನು ಅದನ್ನು ಬಟ್ಟೆಯ ರಾಶಿಯ ಕೆಳಗೆ ತಳ್ಳುವಷ್ಟರಲ್ಲಿ ಮಗಳು ನೋಡಿದ್ದಳು. ಅವಳು ಕಿರುಚಲಿಲ್ಲ. ಅಂಥ ಹೊತ್ತಿನಲ್ಲಿ ಕಿರುಚದಿದ್ದರೆ ನನಗೆ ಇನ್ನೂ ಭಯ. ಮಧ್ಯಾಹ್ನ ಊಟಕ್ಕೆ ಬಂದ ತಮ್ಮ ಚಪ್ಪಲಿ ಬಿಡುವ ಮೊದಲೇ ಕಟ್ಟನ್ನು ಅವನ ಮುಖದೆದುರು ಹಿಡಿದಳು.

"ಮಾವ, ಕಾಳಿನ ಪೆಟ್ಟಿಗೆ ಎಷ್ಟನೇ ಪುಟದಲ್ಲಿದೆ?"

ತಮ್ಮ ಗಂಟನ್ನು ನೋಡಿದ, ನನ್ನನ್ನು ನೋಡಿದ, ಮಿಷನ್ನಿನ ಎಣ್ಣೆ ಡಬ್ಬಿ ಎಲ್ಲಿದೆ ಎಂದು ನೋಡಿದ.

"ಮೊದಲನೇ ದಿನಾನೇ ಕಳೆದುಹೋಯ್ತು ಪುಟ್ಟಿ. ಅಕ್ಕ ಬೈತಾಳೆ ಅಂತ ಹೇಳಲಿಲ್ಲ."

"ಅದಕ್ಕೆ ಸುಳ್ಳು ಕಥೆ ಕಟ್ಟಿದ್ಯಾ? ನನ್ನ ಸೀಟು ಹೋಗುತ್ತೆ ಮಾವ! ನಾನು ಪರೀಕ್ಷೆಲಿ ಹಿಟ್ಟಿನ ಗಿರಣಿ ಬಗ್ಗೆ ಎರಡು ಪುಟ ಬರೀತಿದ್ದೆ!"

"ಸುಳ್ಳಲ್ಲ," ಎಂದ, ಬಹಳ ಮೆಲ್ಲಗೆ. "ನಡೆದದ್ದೇ. ಗಿರಣಿ ಒಂದು ಸುಳ್ಳು. ಲಿಫ್ಟಲ್ಲಿ ನನ್ನ ಜೊತೆಗಿದ್ದವರು ಮೂರನೇ ಮಹಡಿ ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡ್ತಿದ್ರು."

ಆರು ವರ್ಷದಿಂದ ಮದುವೆಯ ಮಾತಿಗೆಲ್ಲ ನಾವು ಮಿಷನ್ನಿಗೆ ಎಣ್ಣೆ ಬಿಟ್ಟಿಸಿಕೊಂಡದ್ದು ಇದಕ್ಕೇ.

"ಈಗ ಎಲ್ಲಿದ್ದಾರೋ?" ಎಂದೆ.

"ಕ್ಲಿನಿಕ್ಕು ಮುಂದಿನ ಬೀದಿಗೆ ಹೋಯ್ತು ಅಕ್ಕ. ನೆಲಮಹಡಿ. ಅಲ್ಲಿ ಲಿಫ್ಟೇ ಇಲ್ಲ."

"ಅಯ್ಯೋ ಪೆದ್ದೇ," ಎಂದರು ಅತ್ತೆ, ಗುಂಡಿಯಿಂದ ತಲೆಯೆತ್ತಿ. "ನಿನಗೆ ಹಲ್ಲಿಲ್ವೇನಯ್ಯಾ?"

ಮಗಳಿಗೆ ಇದಾವುದೂ ಬೇಕಿರಲಿಲ್ಲ. ಅವಳು ನಿಧಾನವಾಗಿ ತಿರುಗಿ ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. ನಾನು ಮಿಷನ್ ತುಳಿದೆ. ಅದರಲ್ಲಿ ಬಟ್ಟೆಯೇ ಇರಲಿಲ್ಲ.

"ಇವನೊಬ್ಬನೇನಾ? ಮಿಕ್ಕವರು?" ಎಂದಳು. ನಾಲ್ಕೂ ಕಟ್ಟು ಬಾಚಿಕೊಂಡು ಕಟಿಂಗ್ ಟೇಬಲ್ಲು ಹತ್ತಿ ಕೂತಳು. ನನ್ನ ಡಬ್ಬಿಯಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕ್‌ಪೀಸು ತೆಗೆದುಕೊಂಡಳು. ಟ್ರಯಲ್‌ಗೆ ಬಂದ ಕೋಟಿನಲ್ಲಿ ಎಲ್ಲಿ ಹಿಡಿಯುತ್ತದೆ, ಎಲ್ಲಿ ಜೋತುಬಿದ್ದಿದೆ ಎಂದು ನಾನು ಗೀಟು ಎಳೆಯುವುದಿಲ್ಲವೇ, ಹಾಗೆ ನಾವು ಎಲ್ಲೆಲ್ಲಿ ಸುಳ್ಳು ಹೇಳಿದ್ದೇವೆ ಎಂದು ಪುಟಪುಟಕ್ಕೂ ಗೀಟು ಎಳೆಯುತ್ತಾ ಹೋದಳು. ಒಂದು ವರ್ಷದಲ್ಲಿ ನಲವತ್ತು ಪುಟ ದಾಟದವಳು ಆ ಸಂಜೆಯ ಹೊತ್ತಿಗೆ ನೂರು ದಾಟಿದ್ದಳು. ಸಾಹಿತ್ಯದ ಮೇಲಿನ ಪ್ರೀತಿಯಿಂದಲ್ಲ. ಮನೆಯವರನ್ನು ಸಿಕ್ಕಿಹಾಕಿಸುವ ಹಟದಿಂದ.

"ಅಜ್ಜೀ! ತಮ್ಮ ಎಂಬತ್ತೆಂಟನೇ ಪುಟದಲ್ಲಿ ಸತ್ತಿದ್ದಾನೆ! ಕಪ್ಪು ಬಟ್ಟೆ ಅವನ ಸೂತಕಕ್ಕೆ!"

"ಅವರಿಗೆ ನೋಡ್ಕೊಳ್ಳೋಕೆ ಬರ್ಲಿಲ್ಲ. ಜ್ವರದ ಮಗೂಗೆ ಜಿಗಣೆ ಬಿಟ್ರು ಕಣೇ, ಜಿಗಣೆ! ನಾನು ಡ್ಯೂಟೀಲಿದ್ದಾಗ ಅದೆಲ್ಲಾ ನಡೆಯಲ್ಲ."

"ಅಜ್ಜಿ, ನೀನು ಅಲ್ಲಿ ಡ್ಯೂಟೀಲಿರಲಿಲ್ಲ!"

"ಅದಕ್ಕೇ ಸತ್ತಿದ್ದು."

ಎರಡನೇ ದಿನ ನಮ್ಮವರ ಸರದಿ. ಅವರು ಬಸ್ಸಿನ ಕೆಲಸ ಮುಗಿಸಿ ಒಳಗೆ ಕಾಲಿಟ್ಟ ಕೂಡಲೇ ಕೂಗು ಬಂತು.

"ಅಪ್ಪ, ನೀನು ಅರವತ್ತು ಪುಟ ಹಾರಿಸಿದ್ದೀಯ!"

"ಅಲ್ಲಿ ಸ್ಟಾಪ್ ಇರಲಿಲ್ಲಮ್ಮ."

ಆದರೆ ಕೂಗುಗಳ ನಡುವೆ ಸದ್ದಿಲ್ಲದ ಹೊತ್ತುಗಳು ಉದ್ದವಾಗುತ್ತಾ ಬಂದವು. ಒಂದು ಸಲ ತಟ್ಟೆಯಲ್ಲಿ ಊಟ ಕೊಟ್ಟಾಗ ಪುಸ್ತಕದಿಂದ ಕಣ್ಣೆತ್ತದೆ ಹೇಳಿದಳು: "ಅಮ್ಮ, ಆ ಮೋಡ ಇತ್ತಲ್ಲ? ಎಷ್ಟು ಹೊತ್ತಾದ್ರೂ ಮಳೆ ಬರಲಿಲ್ಲ ಅಂದಿದ್ನಲ್ಲ? ತಮ್ಮ ಸತ್ತ ದಿನ ಬರುತ್ತೆ. ಅಲ್ಲೀವರೆಗೂ ತಡೆದಿಟ್ಟಿದಾನೆ, ಇದನ್ನ ಬರೆದವನು. ಕಳ್ಳ ಇವನು." ಅವಳ ಬಾಯಲ್ಲಿ ಕಳ್ಳ ಎನ್ನುವುದು ದೊಡ್ಡ ಮರ್ಯಾದೆ. ಚೆನ್ನಾಗಿ ಓಡುವ ಹಳೇ ಇಂಜಿನ್ನಿಗೂ ಹಾಗೇ ಅನ್ನುತ್ತಾಳೆ.

ಪರೀಕ್ಷೆಯ ಹಿಂದಿನ ದಿನ, ಸಂಜೆ ನಾಲ್ಕಕ್ಕೆ ಅವಳು ಟೇಬಲ್ಲಿನಿಂದ ಇಳಿದಳು. ನಾನು ನೂರ ಎಂಬತ್ತಾರನೇ ಶರ್ಟಿಗೆ ತೋಳು ಕೂರಿಸುತ್ತಿದ್ದೆ. ನಾಲ್ಕನೇ ಕಟ್ಟಿನ ಕೊನೆಯ ಹಾಳೆ ನನ್ನ ಮಿಷನ್ನಿನ ಮೇಲೆ, ಸೂಜಿಯ ಪಕ್ಕಕ್ಕೆ ಬಂತು. ಅದರ ಉದ್ದಕ್ಕೂ ನೀಲಿ ಗೀಟು.

"ಅಮ್ಮ, ಬಿಳಿಚಮ್ಮ ಗಾಡಿ ಹತ್ತಲ್ಲ."

ನಾನು ತೋಳನ್ನು ಸೂಜಿಯ ಕೆಳಗೆ ತಿರುಗಿಸುತ್ತಾ ಹೋದೆ.

"ಗಾಡಿ ಬಂತು, ನಿಂತಿತು, ಹೋಯ್ತು. ಇವಳು ಬಾಗಿಲಲ್ಲಿ ನಿಂತು ನೋಡಿದ್ಲು. ಅಪ್ಪನ ಕನ್ನಡಕ ಯಾರು ಹುಡುಕಿಕೊಡ್ತಾರೆ ಅಂದ್ಕೊಂಡು ಒಳಗೆ ಹೋಗಿ ತಟ್ಟೆ ಒರೆಸಿದ್ಲು. ಸಂತೃಪ್ತಳಾಗಿ ತಟ್ಟೆ ಒರೆಸಿದ್ಲು ಅಂತ ಇದೆ. ನೀನು ಹತ್ತಿದ್ಲು ಅಂದೆ."

"ಹೌದು."

"ಮಾವ ಕಳೆದುಹಾಕಿದ್ದ. ಅಜ್ಜಿಗೆ ಸಂಕಟ ಆಯ್ತು. ಅಪ್ಪನಿಗೆ ಸೋಮಾರಿತನ. ನಿನಗೇನಾಗಿತ್ತು? ನೀನು ಪೂರ್ತಿ ಓದಿದ್ದೀಯ. ನನಗೆ ಪಾಸಾಗೋದು ಎಷ್ಟು ಮುಖ್ಯ ಅಂತ ನಿನಗೆ ಗೊತ್ತಿತ್ತು."

ತೋಳಿನ ಸುತ್ತು ಮಧ್ಯಕ್ಕೆ ಬಂದಿತ್ತು. ಅಲ್ಲಿ ನಿಲ್ಲಿಸಿದರೆ ಸುಕ್ಕು ಬೀಳುತ್ತದೆ. ನಿಲ್ಲಿಸಿದೆ.

"ಮೂರು ಸಲ ಓದಿದೆ ಕಣೇ ಅದನ್ನ," ಎಂದೆ. "ಮೂರು ಸಲಾನೂ ಅವಳು ಹತ್ತಲಿಲ್ಲ. ಇನ್ನೆರಡು ವಾರದಲ್ಲಿ ನಿನಗೆ ಊರು ಬಿಡೋದಿದೆ. ಅಜ್ಜಿಗೆ ಮಂಡಿನೋವು, ಇಲ್ಲಿ ಶರ್ಟಿನ ರಾಶಿ, ನನ್ನ ಕಣ್ಣಿಗೆ ಸೂಜಿ ತೂತು ಕಾಣಲ್ಲ. ನೀನೂ ಬಾಗಿಲಲ್ಲಿ ನಿಂತು ಲೆಕ್ಕ ಹಾಕೋಳು. ಅವಳ ಕಥೆ ಓದಿ ನಿನಗೂ ತಟ್ಟೆ ಒರೆಸೋ ಸಂತೃಪ್ತಿ ಹತ್ಕೊಂಡ್ರೆ? ನನಗೆ ಆ ಕೊನೆ ಸರಿ ಕೂರಲಿಲ್ಲ. ಆಲ್ಟರ್ ಮಾಡಿದೆ."

"ಪರೀಕ್ಷೆಗೆ ಆಲ್ಟರ್ ಮಾಡಿದ್ದು ಬರೆದ್ರೆ ಸೊನ್ನೆ ಅಮ್ಮ."

"ಅದು ಯೋಚನೆಗೆ ಬರಲಿಲ್ಲ. ದರ್ಜಿ ಬುದ್ಧಿ."

ಅವಳು ಹಾಳೆ ತೆಗೆದುಕೊಂಡಳು. ನನ್ನ ಸೂಜಿಯಲ್ಲಿ ದಾರ ತಪ್ಪಿತ್ತು, ಪೋಣಿಸಿ ಕೊಟ್ಟಳು. ಬೈಗುಳ ಬರುತ್ತದೆಂದು ಕಾದಿದ್ದ ನನಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ಮಾರನೆಯ ದಿನ ಪರೀಕ್ಷೆ ಮುಗಿಸಿ ಬಂದವಳು ಬ್ಯಾಗು ಎಸೆದು ನೀರು ಕುಡಿದಳು. ನಾವು ನಾಲ್ಕೂ ಜನ ಸೂಜಿ, ಗುಂಡಿ, ಇಸ್ತ್ರಿಪೆಟ್ಟಿಗೆ ಹಿಡಿದು ಕೂತಿದ್ದೆವು.

"ತಮ್ಮನ ಸಾವಿನ ಬಗ್ಗೆ ಹತ್ತು ಅಂಕ," ಎಂದಳು. "ಅಜ್ಜಿ ಮಾತು ಕೇಳಿದ್ರೆ ಹೋಗಿರೋದು."

"ಹೋಗಿದ್ದು ಅವನು, ಪಾಪ," ಎಂದರು ಅತ್ತೆ.

"ಇಪ್ಪತ್ತು ಅಂಕಕ್ಕೆ ಕೊನೇ ಪ್ರಶ್ನೆ. ನಾಯಕಿ ಗಾಡಿ ಹತ್ತದೇ ಉಳಿದದ್ದನ್ನು ನೀವು ಒಪ್ಪುತ್ತೀರಾ, ಕಾರಣ ಕೊಡಿ."

ನನ್ನ ಕೈಯ ಕತ್ತರಿ ಮೇಜಿನ ಮೇಲೆ ಬಿತ್ತು. "ಏನೇ ಬರೆದೆ?"

"ಮೊದಲು ಪುಸ್ತಕದಲ್ಲಿರೋದನ್ನ ಇರೋ ಹಾಗೇ ಬರೆದೆ, ಮೋಡ ಸಮೇತ. ಆಮೇಲೆ ಒಪ್ಪಲ್ಲ ಅಂತ ಬರೆದೆ. ಅಪ್ಪನ ಕನ್ನಡಕ ಹುಡುಕೋಕೆ ಮಗಳ ಆಯಸ್ಸು ಬೇಕಿಲ್ಲ, ಅದಕ್ಕೊಂದು ದಾರ ಕಟ್ಟಿ ಕುತ್ತಿಗೆಗೆ ಹಾಕಿದ್ರೆ ಆಗ್ತಿತ್ತು. ದಾರ ಕಟ್ಟೋಕೆ ಅರ್ಧ ನಿಮಿಷ, ಗಾಡಿ ಅಷ್ಟು ಹೊತ್ತು ನಿಂತಿತ್ತು ಅಂತ ಆರುನೂರ ಹನ್ನೆರಡನೇ ಪುಟದ ಸಾಲು ಎತ್ತಿ ತೋರಿಸಿದೆ."

"ಪರೀಕ್ಷಕರು ಒಪ್ತಾರಾ?" ಎಂದರು ನಮ್ಮವರು.

"ಗೊತ್ತಿಲ್ಲ. ಅವರೂ ಕನ್ನಡಕ ಕಳೆದುಕೊಳ್ಳೋರಾದ್ರೆ ಕೆಟ್ಟೆ."

ಹತ್ತು ದಿನಕ್ಕೆ ಫಲಿತಾಂಶ ಬಂತು. ಐವತ್ತೆಂಟು. ನಮ್ಮವರು ಫೋನಿನಲ್ಲಿ ಎರಡು ಸಲ ನೋಡಿ, ಹೊರಗೆ ಹೋಗಿ, ಯಾರಿಗೂ ಬೇಡದ ಹೊತ್ತಿನಲ್ಲಿ ಎಲ್ಲರಿಗೂ ಟೀ ತಂದರು. ನಾಲ್ಕು ಕಟ್ಟನ್ನು ಜೀನ್ಸ್ ಹೊಲಿಯುವ ದಪ್ಪ ದಾರದಲ್ಲಿ ನಾನು ಮತ್ತೆ ಒಂದು ಮಾಡಿಕೊಟ್ಟೆ. ಮೊದಲಿಗಿಂತ ಗಟ್ಟಿಯಾಗಿದೆ, ಆದರೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಮಗಳು ಅದನ್ನು ಮಾವನಿಗೆ ಬಿಟ್ಟಳು. ಅವನೀಗ ಎರಡನೇ ಕಟ್ಟಿನ ಭಾಗವನ್ನು ಶ್ರದ್ಧೆಯಿಂದ ಓದುತ್ತಿದ್ದಾನೆ. "ಇದರಲ್ಲಿ ಪೆಟ್ಟಿಗೆ ಇಲ್ಲ ಅಕ್ಕ," ಎಂದ ಮೊನ್ನೆ, ದವಡೆ ಹಿಡಿದುಕೊಂಡು. ಈಚೆಗೆ ಅವನಿಗೆ ಒಂದು ಹಲ್ಲು ನೋಯುತ್ತಿದೆಯಂತೆ. ಯಾವ ಹಲ್ಲು ಎಂದರೆ ದಿನಕ್ಕೊಂದು ತೋರಿಸುತ್ತಾನೆ.

ಅವಳು ಹೊರಟ ದಿನ ಸ್ಟೇಷನ್ನಿಗೆ ಹೋಗುವ ಬಸ್ಸು ನಮ್ಮವರದೇ. ಅತ್ತೆ ಥರ್ಮಾಮೀಟರ್ ಕೊಟ್ಟರು. ನಾನು ಕೊಡಲು ಏನೂ ತೋಚದೆ ಅವಳ ಅಂಗಿಯ ಸರಿಯಾಗಿಯೇ ಇದ್ದ ಕಾಲರನ್ನು ಸರಿಮಾಡಿದೆ. ಬೀದಿಯ ತಿರುವಿನಲ್ಲಿ ಬಸ್ಸು ಕಂಡಿತು. ಅವಳು ಒಂದು ಸಲ ಅಂಗಡಿಯ ಕಡೆ, ಶರ್ಟಿನ ರಾಶಿಯ ಕಡೆ ತಿರುಗಿ ನೋಡಿದಳು. ನೋಡುವ ಹುಡುಗಿಯೇ ಅವಳು. ನಾನು ಕುತ್ತಿಗೆಯಲ್ಲಿದ್ದ ನನ್ನ ಕನ್ನಡಕ ಎತ್ತಿ ತೋರಿಸಿದೆ. ಕೆಂಪು ದಾರ ಕಟ್ಟಿತ್ತು.

ಗಾಡಿ ಬಂತು, ನಿಂತಿತು. ಅವಳು ಮೊದಲು ಡ್ರೈವರಿನ ಕಿಟಕಿಗೆ ಹೋಗಿ ಒಂದು ಲೋಟ ಟೀ ಕೊಟ್ಟಳು. ಆಮೇಲೆ ಹತ್ತಿದಳು.

ನಾನು ಒಳಗೆ ಬಂದು ತಟ್ಟೆ ಒರೆಸಿದೆ. ಸಂತೃಪ್ತಿ ಏನೂ ಇರಲಿಲ್ಲ, ಜಿಡ್ಡಿತ್ತು. ಎರಡು ಸಲ ತೊಳೆಯಬೇಕಾಯಿತು.